ಉಡಚಮ್ಮನ ಅಪ್ಪಣೆ

ಮನೆಯಲ್ಲೇ ಕುಳಿತು ಸಂಬಳ ಪಡೆಯುವ ಗಂಡಸನ್ನು ಚನ್ನಗಿರಿಯ ನಮ್ಮ ಬೀದಿ ಎಂಬತ್ತೆರಡರ ಬೇಸಿಗೆಯವರೆಗೆ ಕಂಡಿರಲಿಲ್ಲ. ಹಳ್ಳಿಯ ಹಿರಿಯರ ಮಾತನ್ನು ಧ್ವನಿಮುದ್ರಿಸಿ, ಮನೆಯಲ್ಲೇ ಬರಹಕ್ಕಿಳಿಸಲೆಂದು ವಿಶ್ವವಿದ್ಯಾಲಯವು ನನಗೊಂದು ಟೇಪ್ ರೆಕಾರ್ಡರನ್ನು ದಯಪಾಲಿಸಿತ್ತು. ಈ ಘನಕಾರ್ಯ ನನ್ನ ಧರ್ಮಪತ್ನಿ ಶಂಕ್ರಮ್ಮನ ಕಣ್ಣಿಗೆ ಕೆಲಸವೆಂದು ತೋರಲೇ ಇಲ್ಲ.

“ಸತ್ತೋರ ಮಾತು ಕೇಳಾಕೆ ಪುರಸೊತ್ತು ಐತೆ, ಬದುಕಿರೋಳ ಸೊಂಟನೋವು ಕೇಳಾಕೆ ಇಲ್ಲ. ಒಂದು ಬಿಂದಿಗೆ ನೀರು ತಂದ್ರೆ ನಿಮ್ಮ ಗಂಟೇನು ಹೋಗ್ತೈತ್ರೀ?”

“ಇದು ಸಂಶೋಧನೆ ಕಣೆ!”

“ನಲ್ಲಿ ಬೀದಿ ಕೊನೇಲೈತೆ. ಅದನ್ನೂ ಒಂಚೂರು ಸಂಶೋಧನೆ ಮಾಡ್ರಿ.”

ಸತ್ತವರು ಕೆರೆಬಿಳಚಿಯ ಉಡಚಮ್ಮ. ನನ್ನ ಯಂತ್ರಕ್ಕೆ ಸೂಳೆಕೆರೆಯ ಕಥೆ ಹೇಳಿದ ವಾರದಲ್ಲೇ ಅಜ್ಜಿ ತೀರಿಕೊಂಡಿದ್ದರು. ಕಥೆಯ ನಡುವೆ ತಮ್ಮ ಗಂಡನನ್ನು ಗದರಿದ್ದೂ ಟೇಪಿನಲ್ಲಿತ್ತು. ಮೊದಲು ಒಂದು ಒಣಕೆಮ್ಮು, ಆಮೇಲೆ, “ಕುಂತೇ ಇರ್ತೀಯೇನು? ಏಳು, ನೀರು ತಗಂಬಾ!” ಕೆಮ್ಮಿನಡಿ ಮುಚ್ಚಿಹೋದ ಪದವೊಂದನ್ನು ಹಿಡಿಯಲು ಅಷ್ಟನ್ನೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆ. (ಶಾಸ್ತ್ರೀಯ ವಿಧಾನವೆಂದರೆ ಇದೇ.)

ಒಂದು ಮುಸ್ಸಂಜೆ ಕರೆಂಟು ಹೋಯಿತು. ಸೆಲ್ಲು ಎಂದೋ ಸತ್ತಿದ್ದ ಯಂತ್ರವೂ ನಿಂತಿತು; ಒತ್ತಿದ ಗುಂಡಿ ಒತ್ತಿದಂತೆಯೇ ಉಳಿಯಿತು. ಊಟಕ್ಕೆ ಕುಳಿತಾಗ ಕರೆಂಟು ಬಂದದ್ದೇ ತಡ, ಖಾಲಿ ಕೋಣೆಯಲ್ಲಿ ಯಾರೋ ಕೆಮ್ಮಿದರು. “ಕುಂತೇ ಇರ್ತೀಯೇನು?” ಶಂಕ್ರಮ್ಮನ ಕೈಯಿಂದ ಸೌಟು ಜಾರಿತು. ನಾನು ವಿದ್ಯುಚ್ಛಕ್ತಿಯ ತತ್ತ್ವವನ್ನು ಸವಿಸ್ತಾರವಾಗಿ ಬೋಧಿಸಿದೆ. ಆಕೆ ವಿಭೂತಿ ಹಚ್ಚಿಕೊಂಡು, “ಆಯಮ್ಮಗಾದ್ರೂ ನನ್ನ ಸೊಂಟದ ಚಿಂತೆ ಐತಲ್ಲ” ಎಂದಳು.

ಮರುದಿನ ಸಂಜೆ ಮತ್ತೆ ಕರೆಂಟು ಹೋಯಿತು. ಯಂತ್ರದ ವೈರನ್ನು ಕಿತ್ತು ಜೇಬಿಗಿಟ್ಟುಕೊಂಡು (ಭಯದಿಂದಲ್ಲ, ಮುನ್ನೆಚ್ಚರಿಕೆಯಿಂದ) ಪಡಸಾಲೆಯಲ್ಲಿ ಕುಳಿತೆ. ಬೆನ್ನ ಹಿಂದೆ ಒಣಕೆಮ್ಮು.

“ಕುಂತೇ ಇರ್ತೀಯೇನು? ಏಳು, ನೀರು ತಗಂಬಾ!”

ಜೇಬು ಮುಟ್ಟಿಕೊಂಡೆ. ವೈರು ಅಲ್ಲೇ ಇತ್ತು. ಕೈಗೆ ಸಿಕ್ಕ ಬಿಂದಿಗೆ ಎತ್ತಿಕೊಂಡು ಹೊಸ್ತಿಲು ದಾಟುವಾಗ, ಯಂತ್ರವಿದ್ದ ಕೋಣೆಯಿಂದ ಅದೇ ಕೆಮ್ಮು, ಅದೇ ಮಾತು ಇನ್ನೊಮ್ಮೆ.

ನಲ್ಲಿಯ ಬಳಿಗೆ ಶಂಕ್ರಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತ ಬಂದಳು. “ವಾರಗಟ್ಲೆ ಅದೊಂದೇ ಮಾತು ಕೇಳ್ಸಿದ್ರಲ್ಲ, ಕೆಮ್ಮಿನ ಸಮೇತ ಬಾಯಿಗೆ ಬಂದೈತೆ. ಹೆಂಗಿತ್ರೀ?”

ಹೋದ ಜೀವ ಬಂತು. ಪರೀಕ್ಷಕನ ಗಾಂಭೀರ್ಯದಿಂದ ಹೇಳಿದೆ: “ಮೊದಲನೇದು ಸುಮಾರು. ಎರಡನೇದು ಥೇಟ್ ಉಡಚಮ್ಮನೇ.”

ಅವಳ ನಗು ನಿಂತಿತು. “ನಾನು ಅಂದಿದ್ದು ಒಂದೇ ಸಲ ಕಣ್ರೀ.”

ಬಿಂದಿಗೆ ತುಂಬಿ ಹೊರಚೆಲ್ಲುತ್ತಿತ್ತು. ಬೀದಿಯ ಆ ತುದಿಯಲ್ಲಿ ನಮ್ಮ ಮನೆ, ತೆರೆದ ಬಾಗಿಲು, ಒಳಗೆ ಕತ್ತಲು. ಶಂಕ್ರಮ್ಮ ಅತ್ತ ನೋಡಿದಳು, ನನ್ನನ್ನು ನೋಡಿದಳು, ಒಂದು ಒಣಕೆಮ್ಮು ಕೆಮ್ಮಿದಳು.

“ನಿಂತೇ ಇರ್ತೀರೇನು? ಒಳಗೆ ಇನ್ನೊಂದು ಬಿಂದಿಗೆ ಐತೆ, ತಗಂಬರ್ರಿ!”

ಇದು ಯಾರ ಅಪ್ಪಣೆಯೆಂದು ಕೇಳುವ ಧೈರ್ಯ ಸಾಲದೆ ಹೊರಟೆ.