ಅರ್ಧ ಖೋಲಿಯ ಕಾಕಾ

ನಮ್ಮ ಕಾಕಾನಷ್ಟು ಶ್ರೀಮಂತರನ್ನು ನಾನು ಕಂಡಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಮಂದಿಗೆ ಕಾಲಿಡಲು ಜಾಗ ಸಿಗದಿದ್ದಾಗ, ಬಾಡಿಗೆ ಹಿಡಿದ ಖೋಲಿಯಲ್ಲಿ ಅರ್ಧವನ್ನು ಖಾಲಿ ಬಿಟ್ಟು ಬದುಕಿದ ಮಹಾನುಭಾವ ಅವರು! ಇಡೀ ಖೋಲಿ ಎಷ್ಟು ದೊಡ್ಡದು ಅಂತೀರಾ? ಎರಡು ಚಾಪೆ ಹಾಸಿದರೆ ಮೂರನೆಯದನ್ನು ಸುತ್ತಿ ಗೋಡೆಗೆ ಆನಿಸಬೇಕು.

ಎಪ್ಪತ್ತರ ದಶಕದ ಮಾತು. ಸಂಪಗಾಂವದಲ್ಲಿ ಅವರದು ಒಂಬತ್ತು ಅಂಕಣದ ಮನೆ, ಅದರಲ್ಲಿ ಎಮ್ಮೆಗೇ ಎರಡು ಅಂಕಣ. ಕೆಲಸ ಮಾತ್ರ ಬೈಲಹೊಂಗಲದ ಕಚೇರಿಯಲ್ಲಿ. ನಡುವೆ ಒಂದು ಬಸ್ಸು, ಅದು ಬರುವಾಗಲೇ ತುಂಬಿರುತ್ತಿತ್ತು. ಒಮ್ಮೆ ಕಾಕಾ ಕಿಟಕಿಯಿಂದ ಛತ್ರಿ ತೂರಿಸಿ ಸೀಟು ಹಿಡಿದರು. ಛತ್ರಿಗೆ ಸೀಟು ಸಿಕ್ಕಿತು, ಕಾಕಾಗೆ ಬಾಗಿಲು ಸಿಗಲಿಲ್ಲ! ಛತ್ರಿ ಹತ್ತಕ್ಕೆ ಬೈಲಹೊಂಗಲ ಮುಟ್ಟಿತು, ಕಾಕಾ ಹನ್ನೆರಡಕ್ಕೆ.

"ಸಾಹೇಬ್ರ, ಇವತ್ತಿನ ಹಾಜರಿ ಛತ್ರಿ ಹೆಸರಿಗೆ ಹಾಕ್ರಿ," ಅಂದರಂತೆ. ಸಾಹೇಬರು ನಗಲಿಲ್ಲ.

ಆಮೇಲೆ ಹಿಡಿದದ್ದೇ ಈ ಖೋಲಿ. ಅದೇ ಬಾಡಿಗೆಗೆ ಊರ ಹೊರಗೆ ಮೂರಂಕಣದ ಮನೆ ಇತ್ತು. ಆದರೆ ಇಲ್ಲಿಂದ ಕಚೇರಿಯ ಗಂಟೆ ಕೇಳಿಸುತ್ತಿತ್ತು. ಗಂಟೆ ಬಾರಿಸಿದ ಮೇಲೆ ಟೊಪ್ಪಿಗೆ ಹುಡುಕಿದರೂ ವೇಳೆಗೆ ಮುಟ್ಟುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಮಾತ್ರ ಬರಲು ಒಪ್ಪಲಿಲ್ಲ.

"ಆ ಆರಡಿ ಆಳು ಮಲಗಿದ ಮ್ಯಾಲೆ ನನಗ ಕುಂದ್ರಾಕರ ಜಾಗಾ ಉಳಿತೈತೇನು? ಇಲ್ಲಿ ಎಮ್ಮಿ ನನಗಿಂತ ಆರಾಮ ಐತಿ," ಅಂದರು.

ನಾನಾಗ ಬೈಲಹೊಂಗಲದ ಸಾಲೆಯಲ್ಲಿ ಹೊಸ ಮಾಸ್ತರ, ದಿನಾ ಅದೇ ಬಸ್ಸಿಗೆ ಜೋತುಬಿದ್ದು ಬರುವವ. ಕಾಕು ಕೊಟ್ಟ ರೊಟ್ಟಿ ಗಂಟಿನ ಜೊತೆ ಈ ಮಾತನ್ನೂ ಮುಟ್ಟಿಸಿದೆ. ಕಾಕಾ ನನ್ನ ಕಿಸೆಯಿಂದ ಖಡು, ಅಂದರೆ ಸಾಲೆಯ ಸೀಮೆಸುಣ್ಣ, ತೆಗೆದುಕೊಂಡು ಖೋಲಿಯ ನಟ್ಟನಡುವೆ ಗೆರೆ ಎಳೆದರು.

"ಆ ಕಡೆದು ನಿಮ್ಮ ಕಾಕುಂದು. ಹೇಳಿಬಿಡು."

"ಕಾಕು ಬರೂತನಾ ನಾ ಅಲ್ಲಿ ಇರ್ಲೇನ್ರಿ ಕಾಕಾ?"

"ಕಾಲ ಇಟ್ಟೀಯಂದ್ರ ನೋಡು!"

ಕನ್ನಡಿಯೂ ಗೆರೆಯ ಆಚೆಯ ಗೋಡೆಗಿತ್ತು, ಅದೂ ನನ್ನ ಎದೆಯಷ್ಟು ಎತ್ತರಕ್ಕೆ. ಮೀಸೆ ತಿದ್ದಿಕೊಳ್ಳಬೇಕಾದರೆ ಕಾಕಾ ಗೆರೆಯ ಈಚೆ ಮೊಣಕಾಲೂರಿ ಕತ್ತು ಚಾಚುತ್ತಿದ್ದರು. ಅದರ ಮೊಳೆ ಹೊಡೆದವರೂ ತಾವೇ; ಇಂಥವರಿಗೆ ಮೊಳೆ ಹೊಡೆಯಲು ಕಲಿಸಿದವರು ಯಾರೋ! ರವಿವಾರ ಮಧ್ಯಾಹ್ನ ಮಲಗಿದರೆ ಪಾದಗಳು ಬಾಗಿಲಾಚೆ. ಮನೆಮಾಲಕರ ಕರು ಬಂದು ನೆಕ್ಕುತ್ತಿತ್ತು. "ಈ ಬಾಡಗಿಗೆ ಸೇವಾನೂ ಐತಿ," ಅನ್ನುತ್ತಿದ್ದರು.

ಇನ್ನು ನನ್ನ ಪಾಪದ ಕಥೆ. ಗೆರೆಯ ಸುದ್ದಿಯನ್ನು ನಾನು ಕಾಕುಗೆ ಹೇಳಲೇ ಇಲ್ಲ. ಯಾಕೆ? ಆ ಅರ್ಧದ ಮೇಲೆ ನನ್ನ ಕಣ್ಣಿತ್ತು! ಕಾಕು ಬರುವುದಿಲ್ಲವೆಂದು ಖಾತ್ರಿಯಾದರೆ ಜಾಗ ನನಗೇ ಅಲ್ಲವೇ? ಹಾಗಾಗಿ ವಾರಕ್ಕೊಮ್ಮೆ, "ಬರೂದಿಲ್ಲಂತ್ರಿ," ಅನ್ನುತ್ತಿದ್ದೆ.

ಕಾಕಾ ಗೆರೆ ಅಳಿಸಿ, ಒಂದು ಗೇಣು ತಮ್ಮ ಕಡೆಗೆ ಸರಿಸಿ ಮತ್ತೆ ಎಳೆಯುತ್ತಿದ್ದರು. "ಇನ್ನೊಂದು ಗೇಣ ಬಿಟ್ಟೇನಿ ಅಂತ ಹೇಳು."

ನಾಲ್ಕು ವಾರಕ್ಕೆ ಅವರ ಪಾಲು ಚಾಪೆಯ ಅಗಲಕ್ಕಿಂತ ಕಡಿಮೆಯಾಯಿತು. ಒಂದು ರವಿವಾರ ಹೋದರೆ, ಆ ಆರಡಿ ಮನುಷ್ಯ ಗೋಡೆಗೆ ಮುಖ ಹಚ್ಚಿ ಒಂದೇ ಮಗ್ಗುಲಲ್ಲಿ ಮಲಗಿದ್ದರು. ನನಗೆ ನಾಚಿಕೆಯಾಯಿತು. ಊರಿಗೆ ಹೋದವನೇ ಕಾಕುನ ಮುಂದೆ ಎಲ್ಲ ಒಪ್ಪಿಕೊಂಡೆ. ಕಾಕು ಬೈಯಲಿಲ್ಲ. ಎಮ್ಮೆಯನ್ನು ನಮ್ಮವ್ವನಿಗೆ ಒಪ್ಪಿಸಿ, ಮರುದಿನ ನನ್ನ ಜೊತೆ ಬಸ್ಸು ಹತ್ತಿದರು.

ಖೋಲಿಯ ಬಾಗಿಲಲ್ಲಿ ನಿಂತು ಗೆರೆ ನೋಡಿದರು, ಗೋಡೆಗೆ ಒತ್ತಿ ನಿಂತ ಗಂಡನನ್ನು ನೋಡಿದರು. ಒಳಗೆ ಬಂದು ಕನ್ನಡಿಯ ಮುಂದೆ ನಿಂತರು. ಬಗ್ಗಲಿಲ್ಲ, ಹಿಮ್ಮಡಿ ಎತ್ತಲಿಲ್ಲ. ಗಿಡ್ಡ ಕಾಕುನ ಮುಖ, ಹಣೆಯ ಕುಂಕುಮದ ಸಮೇತ, ಕನ್ನಡಿಯ ನಡುಮಧ್ಯದಲ್ಲಿತ್ತು.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಲಿನಿಂದ ಗೆರೆಯನ್ನು ತಿಕ್ಕಿ ಅಳಿಸಿದರು.

"ಈ ಕಡೆ ಸರೀರಿ," ಅಂದರು, "ಸರಿಯಾಗಿ ಕುಂದರ್ರಿ."