ಬೀಳಬೇಕಾದಾಗ ಬೀಳದ ಪುಷ್ಪಕವಿಮಾನಕ್ಕೆ

ಗಗನಸಂಚಾರಿಗಳೂ, ಥರ್ಮೋಕೋಲ್ ಕಾಯರೂ, ರಬ್ಬರ್‌ಬ್ಯಾಂಡ್ ಬಂಧಿತರೂ, ರಿಮೋಟಿನ ಆಜ್ಞೆಯನ್ನು ಮನಸ್ಸಾದರೆ ಮಾತ್ರ ಪಾಲಿಸುವವರೂ ಆದ ಶ್ರೀಮತ್ ಪುಷ್ಪಕವಿಮಾನದವರ ಸನ್ನಿಧಾನಕ್ಕೆ,
ಮುಕ್ಕಾಂ: ಜೋಳದ ಚೀಲಗಳ ಮೇಲೆ, ಹಿಟ್ಟಿನ ಗಿರಣಿ, ಗಾದಿಗನೂರು.

ಮಾನ್ಯರೇ,

ಮೇಲ್ಕಂಡ ಗಿರಣಿಯ ಮಾಲೀಕನೂ, ನಮ್ಮೂರ ನಾಟಕ ಸಂಘದಲ್ಲಿ ಇಪ್ಪತ್ತೆರಡು ವರ್ಷಗಳಿಂದ ರಾವಣನ ಪಾತ್ರಧಾರಿಯೂ ಆದ ಮರಿಸ್ವಾಮಿಯು ಸಾಷ್ಟಾಂಗ ಎರಗಿದರೆ ಮತ್ತೆ ಎಬ್ಬಿಸಲು ನಾಲ್ಕಾಳು ಬೇಕಾಗುವ ಕಾರಣ ನಿಂತಲ್ಲಿಂದಲೇ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ, ನನ್ನ ಕಿರೀಟದ ಹೊರತು. ತಮ್ಮ ರೆಕ್ಕೆ, ಬಾಲ, ಫ್ಯಾನುಗಳೂ ಕ್ಷೇಮವೆಂದು ಕಣ್ಣಾರೆ ಕಾಣುತ್ತಿದ್ದೇನೆ, ಮತ್ತು ನನ್ನ ಎದೆ ಉರಿಯುತ್ತಿರುವುದೂ ಅದಕ್ಕೇ. ಈ ಪತ್ರ ದೂರಿನ ಪತ್ರ. ತಾವು ಬಿದ್ದಿರೆಂದು ದೂರುವವನು ನಾನಲ್ಲ. ಕಳೆದ ಭಾನುವಾರ ಸಂಡೂರಿನಲ್ಲಿ, ಇಡೀ ಮೈದಾನವೇ ಬಾಯಿ ತೆರೆದು ಕಾದು ಕುಳಿತಿದ್ದಾಗ, ತಾವು ಬೀಳಲಿಲ್ಲ!

ತಮಗೆ ನೆನಪಿದೆಯೋ ಇಲ್ಲವೋ, ತಮ್ಮ ಜನನಕ್ಕೆ ಮುಂಚೆ ರಾವಣೇಶ್ವರನು ರಂಗಕ್ಕೆ ಇಳಿಯುತ್ತಿದ್ದುದು ಹಗ್ಗ ಮತ್ತು ರಾಟೆಗೆ ಕಟ್ಟಿದ ಮರದ ವಿಮಾನದಲ್ಲಿ. ಹೋದ ವರ್ಷ ತಾಲೀಮಿನಲ್ಲಿ ನಾನು “ಯಾರಲ್ಲಿ!” ಎನ್ನುವಷ್ಟರಲ್ಲಿ ಹಗ್ಗ ಹರಿದು, ನಾನೇ ಅಲ್ಲಿ ಇಲ್ಲವಾದೆ. ಸಂಘದ ಅಧ್ಯಕ್ಷೆ ತಾಯಕ್ಕನವರು ನನ್ನ ಸೊಂಟವನ್ನು ವಿಚಾರಿಸುವ ಬದಲು ಹಗ್ಗವನ್ನು ತಡವಿ ನೋಡಿ, “ಹಗ್ಗದ್ದೇನು ತಪ್ಪಿಲ್ಲ ಬಿಡಪಾ. ಈ ಸಲ ರಾವಣನ ಪಾರ್ಟು ವೀರೇಶಗ ಕೊಡೋಣ, ಅವ ಗಾಳಿಪಟ ಇದ್ದಂಗ ಅದಾನ” ಎಂದು ಘೋಷಿಸಿದರು. ಯಾವ ವೀರೇಶ? ದ್ವಾರಪಾಲಕನಾಗಿ ಎರಡೇ ಎರಡು ಮಾತಾಡಿ, ಆ ಎರಡರಲ್ಲೂ ಉಗುಳು ನುಂಗುವ ವೀರೇಶ! ಅವನ ಒಂದು ಕತ್ತಿನ ಮೇಲೆ ನನ್ನ ಹತ್ತು ತಲೆಗಳೇ? ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ಅದಾಗಲೇ ನಾನು ಬಿದ್ದ ಜಾಗದಲ್ಲಿ ಸ್ವಲ್ಪ ಬಿಟ್ಟಿತ್ತು.

ಆಗ ನನ್ನನ್ನು ಕಾಪಾಡಿದವಳು ನನ್ನ ಅಕ್ಕನ ಮಗಳು ಭವ್ಯ. ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಇವಳಿಗೆ, ಪಾಳಿಯಿಲ್ಲದ ದಿನಗಳಲ್ಲಿ ಥರ್ಮೋಕೋಲ್ ಕತ್ತರಿಸಿ ವಿಮಾನ ಮಾಡುವ ಗೀಳು. “ಮಾಮಾ, ನೀವು ಹಾರೋದಾ ಬ್ಯಾಡ್ರಿ. ನನ್ನ ವಿಮಾನ ಜನರ ತಲಿ ಮ್ಯಾಲಿಂದ ಬಂದು ಪರದಿ ಹಿಂದ ಹೋಗ್ಲಿ, ಆ ಕಡಿಯಿಂದ ನೀವು ಎದಿ ಉಬ್ಬಿಸಿ ಬರ್ರಿ” ಎಂದಳು. ವಿಮಾನ ಹಾರಿದರೆ ಪಾತ್ರ ಮರಿಸ್ವಾಮಿಗೆ, ಹಾರದಿದ್ದರೆ ವೀರೇಶನಿಗೆ ಎಂದು ತಾಯಕ್ಕ ತೀರ್ಪಿತ್ತರು. ಹೀಗೆ, ಎತ್ತಿದರೆ ಹಪ್ಪಳದ ಕಟ್ಟಿನಷ್ಟು ಭಾರವಿರುವ ತಮ್ಮ ಹೆಗಲ ಮೇಲೆ ನನ್ನ ಇಪ್ಪತ್ತೆರಡು ವರ್ಷಗಳು ಕುಳಿತವು.

ಗಾದಿಗನೂರಿನ ಬಯಲಿನಲ್ಲಿ ತಾವು ತೋರಿದ ಪತನವೈಭವವನ್ನು ಏನೆಂದು ಬಣ್ಣಿಸಲಿ! ಪುಷ್ಪಕವೆಂದ ಮೇಲೆ ಪುಷ್ಪ ಬೇಡವೇ ಎಂದು ತಮ್ಮ ಬಾಲಕ್ಕೆ ಒಂದು ಮೊಳ ಸೇವಂತಿಗೆಯನ್ನೂ, ಅದರ ಮೇಲೊಂದು ಬೇಗಡೆಯ ಗೋಪುರವನ್ನೂ ನಾನು ಭಕ್ತಿಯಿಂದ ಅಂಟಿಸಿದ್ದೆ. ತಾವು ಮೂತಿಯನ್ನು ಆಕಾಶಕ್ಕೆ ಎತ್ತಿ, ಕ್ಷಣಕಾಲ ಅಲ್ಲೇ ಧ್ಯಾನಸ್ಥರಾಗಿ, ಬಾಲದ ದಿಕ್ಕಿನಿಂದ ಭೂಮಿಗೆ ಇಳಿದುಬಿಟ್ಟಿರಿ. ಭಾರದ ನಡುಬಿಂದು ಹಿಂದಕ್ಕೆ ಸರಿದರೆ ಹೀಗೇ ಆಗುವುದೆಂದು ಭವ್ಯ ಹೇಳಿದಳು. ಕಿರೀಟ ಹಿಂದಕ್ಕೆ ಜಾರಿದರೆ ನನಗೂ ಹೀಗೇ ಆಗುವುದೆಂದು ನಾನು ಸಮಾಧಾನಪಟ್ಟೆ. ಮರುವಾರ ಗಾಳಿ ದಕ್ಷಿಣದಿಂದ ಬೀಸುತ್ತಿತ್ತು. ಗಾಳಿಗೆ ಎದುರಾಗಿ ಹಾರಿಸಬೇಕೆಂದು ಅವಳು, ಲಂಕೆ ಇರುವುದು ದಕ್ಷಿಣಕ್ಕಾದ್ದರಿಂದ ರಾವಣನು ದಕ್ಷಿಣದಿಂದಲೇ ಬರತಕ್ಕದ್ದೆಂದು ನಾನು. ಪುರಾಣವೇ ಗೆದ್ದಿತು, ಗಾಳಿ ಬೆನ್ನಿಗೆ ಬಿದ್ದ ತಾವು ಮೇಲೇಳಲಾರದೆ ಬದುವಿಗೆ ಹೋಗಿ ಹಾಯ್ದಿರಿ. ಇನ್ನೊಂದು ಸಲ ನಡು ಆಕಾಶದಲ್ಲಿ ತಮ್ಮ ಫ್ಯಾನು ನಿಂತುಹೋಯಿತು. ತಮ್ಮ ಬ್ಯಾಟರಿಯ ಚಾರ್ಜರನ್ನು ಕಿತ್ತು ಆ ಜಾಗದಲ್ಲಿ ನನ್ನ ಮೊಬೈಲನ್ನು ಚುಚ್ಚಿದ್ದ ಮಹಾನುಭಾವ ಯಾರೆಂಬುದನ್ನು ಇಲ್ಲಿ ಚರ್ಚಿಸುವುದು ಉಚಿತವಲ್ಲ.

ಇದೆಲ್ಲದಕ್ಕಿಂತ ಘೋರವಾದದ್ದು ಎಡಬಲಗಳ ಕಗ್ಗಂಟು. ದೂರ ಹೋಗುವಾಗ ತಮ್ಮ ಬಲವೇ ಭವ್ಯಳ ಬಲ. ತಿರುಗಿ ಅವಳ ಕಡೆಗೆ ಬರುವಾಗ ತಮ್ಮ ಬಲ ಅವಳ ಎಡ. ರಂಗದ ಮೇಲೆ ನಿಂತ ನನ್ನ ಬಲವಂತೂ ಪ್ರೇಕ್ಷಕರ ಎಡ. ನಾನು “ಬಲಕ್ಕ!” ಎಂದು ಗರ್ಜಿಸುವುದು, ಅವಳು “ಯಾರ ಬಲರೀ ಮಾಮಾ?” ಎಂದು ಕೇಳುವುದು, ಅಷ್ಟರಲ್ಲಿ ತಾವು ಜಾಲಿಗಿಡದಲ್ಲಿ ವಿಶ್ರಮಿಸುವುದು, ಇದು ನಾಲ್ಕು ಸಲ ನಡೆಯಿತು. ಕೊನೆಗೆ ಎಡಬಲಗಳನ್ನೇ ಸಂಘದಿಂದ ಉಚ್ಚಾಟಿಸಿದೆವು. ನಮ್ಮ ರಂಗದಲ್ಲಿ ಪ್ರೇಕ್ಷಕರ ಬಲಗೈಗೆ ಹಾರ್ಮೋನಿಯಂ, ಎಡಗೈಗೆ ತಬಲಾ ಕೂರುವುದು ಅಜ್ಜಂದಿರ ಕಾಲದ ಪದ್ಧತಿ. ಹಾಗಾಗಿ ಕೊನೆಯ ತಿರುವಿಗೆ ನಾನು ಪರದೆಯ ಸಂದಿನಿಂದ ಗಾಳಿ ನೋಡಿ “ಹಾರ್ಮೋನಿಯಂ ಕಡೆ” ಅಥವಾ “ತಬಲಾ ಕಡೆ” ಎಂದು ಕೂಗುವುದು, ಮೈದಾನದ ಹಿಂದೆ ನಿಂತ ಭವ್ಯ ಅತ್ತ ತಿರುಗಿಸುವುದು ಎಂದಾಯಿತು. ಆಮೇಲೆ ತಾವು ಒಂದು ತಿಂಗಳು ಬೀಳಲಿಲ್ಲ.

ಬಂತಲ್ಲಾ ಕಂಪ್ಲಿಯ ಪ್ರದರ್ಶನ! ಕತ್ತಲಾದರೆ ತಾವು ಕಾಣುವುದಿಲ್ಲವೆಂದು ಇಳಿಹೊತ್ತಿಗೇ ನಾಟಕ ಆರಂಭ. ಆದರೆ ಮೈಕಿನ ಪ್ಲಗ್ಗು ಆ ಬದಿಗೆ ಇದೆಯೆಂಬ ಒಂದೇ ಕಾರಣಕ್ಕೆ ಹಾರ್ಮೋನಿಯಂ ಪ್ರೇಕ್ಷಕರ ಎಡಕ್ಕೆ ಹೋಗಿತ್ತು, ತಬಲಾದ ಮೂಕಪ್ಪ ಬಲಕ್ಕೆ ಬಂದಿದ್ದ. ಮೂಕಪ್ಪನ ಪಕ್ಕದಲ್ಲೇ ಹತ್ತು ತಲೆ ಹೊತ್ತು ನಿಂತಿದ್ದ ನಾನು, ತಾವು ಜನಸ್ತೋಮದ ಮೇಲೆ ರಾಜಗಾಂಭೀರ್ಯದಿಂದ ಬರುತ್ತಿರುವುದನ್ನು ಕಂಡು, ಎದುರು ಬದಿಯಲ್ಲಿದ್ದ ಹಾರ್ಮೋನಿಯಂ ನೋಡಿ, “ಹಾರ್ಮೋನಿಯಂ ಕಡೆ!” ಎಂದು ಕೂಗಿದೆ. ಭವ್ಯಳ ಕಣ್ಣು ತಮ್ಮ ಮೇಲೆ; ಹಾರ್ಮೋನಿಯಂ ಇದ್ದದ್ದು ಅವಳ ನೆನಪಿನಲ್ಲಿ. ತಾವು ಗರ್ರನೆ ಬಲಕ್ಕೆ ತಿರುಗಿ, ನೇರವಾಗಿ ನನ್ನ ಮೇಲೆರಗಿ, ಎಡಭುಜದ ಐದೂ ರಟ್ಟಿನ ತಲೆಗಳನ್ನು ಕಿತ್ತುಕೊಂಡು ಮೂಕಪ್ಪನ ಮಡಿಲಿಗೆ ಬಿದ್ದಿರಿ.

ಮೂಕಪ್ಪ ಮೈಕಿನಲ್ಲೇ “ಏನ್ ಮರಿಸ್ವಾಮಿ ಗೌಡ್ರ, ತಲಿ ಇಲ್ಲೇ ಇಟ್ಕೊಳ್ಳೋದಾ ಇಲ್ಲಾ ವಾಪಸ್ ಕೊಡೋದಾ?” ಎಂದು ಕೇಳಿದ. ಇಪ್ಪತ್ತೆರಡು ವರ್ಷಗಳು ನನ್ನ ಗಂಟಲಿಗೆ ಬಂದು ನಿಂತವು. “ಎಲವೋ! ಐದು ಹೋದರೂ ಐದುಳಿದಿವೆ, ಇಷ್ಟರಿಂದಲೇ ಮೂರು ಲೋಕವನ್ನಾಳುವೆನು!” ಎಂದು ಅಬ್ಬರಿಸಿದೆ. ಅಬ್ಬಬ್ಬಾ, ಆ ಸಿಳ್ಳೆ! ಆ ಟವೆಲ್ಲುಗಳ ಹಾರಾಟ! ಎಲ್ಲ ಬಾಯಿಗಳಿಂದಲೂ ಒಂದೇ ಕೂಗು: “ಒನ್ಸ್ ಮೋರ್!” ಹಾಡಿಗೆ ಒನ್ಸ್ ಮೋರ್ ಕೇಳುವುದುಂಟು, ಮಾತಿಗೆ ಕೇಳುವುದುಂಟು, ಅಪಘಾತಕ್ಕೆ ಕೇಳಿದ್ದು ಅದೇ ಮೊದಲು. ನಮ್ಮ ಸಂಘದಲ್ಲಿ ಒನ್ಸ್ ಮೋರ್ ಎಂದರೆ ಇಲ್ಲವೆನ್ನುವಂತಿಲ್ಲ. ತಮಗೂ ತಲೆಗಳಿಗೂ ಅಂಟುಪಟ್ಟಿ ಸುತ್ತಿದೆವು. ಈ ಸಲ ನಾನು ಕೂಗನ್ನು ತಿದ್ದಿ “ತಬಲಾ ಕಡೆ!” ಎಂದೆ, ಭವ್ಯಳೂ ತಬಲಾದ ಜಾಗವನ್ನು ನೋಡಿಕೊಂಡಿದ್ದಳು, ಹಾಗಾಗಿ ತಾವು ಮತ್ತೊಮ್ಮೆ ಬಂದು, ಮತ್ತೊಮ್ಮೆ ಬಿದ್ದಿರಿ. ಜನ ಮೂರನೆಯದನ್ನೂ ಕೇಳಿದರು.

ಇಂಥ ಯಶಸ್ಸಿನ ಬಳಿಕ ಸಂಡೂರಿನಲ್ಲಿ ತಾವು ಮಾಡಿದ್ದೇನು? ಭವ್ಯ ಬ್ಯಾಟರಿ ತುಂಬಿಸಿ, ತಿರುಪು ಬಿಗಿದು, ಹಾರ್ಮೋನಿಯಮ್ಮಿನ ಜಾಗವನ್ನು ಎರಡು ಸಲ ನೋಡಿಕೊಂಡು ಹಾರಿಸಿದಳೆಂಬ ನೆಪ ಮಾಡಿಕೊಂಡು, ಸುತ್ತಲ ಗುಡ್ಡಗಳೇ ತಲೆದೂಗುವಂತೆ ಒಂದು ಸುತ್ತು ಹಾಕಿ, ಪರದೆಯ ಹಿಂದೆ ಹಾಸಿದ್ದ ಕೌದಿಯ ಮೇಲೆ ಮೆತ್ತಗೆ ಇಳಿದಿರಿ. ಜನ ಮದುವೆಮನೆಯ ಭಾಷಣಕ್ಕೆ ತಟ್ಟುವಷ್ಟು ಚಪ್ಪಾಳೆ ತಟ್ಟಿದರು. ತಾಯಕ್ಕನವರು ಎಲೆಯಡಿಕೆ ಜಗಿಯುತ್ತಲೇ, “ಹಾರೋ ವಿಮಾನಕ್ಕ ವೀರೇಶ ಸಾಕು ಬಿಡು. ಬೀಳೋದಿದ್ರ ಮಾತ್ರ ನೀನಾ ಬೇಕು. ಹೊಸಪೇಟ್ಯಾಗ ನೋಡ್ತೀನಿ” ಎಂದರು.

ಆದ್ದರಿಂದ ಮಹಾಸ್ವಾಮಿ, ಬರುವ ಭಾನುವಾರದ ಹೊಸಪೇಟೆಯ ಪ್ರದರ್ಶನದಲ್ಲಿ ತಾವು ದಯಮಾಡಿ ಬೀಳಬೇಕು. ಆದರೆ ನನ್ನ ಪ್ರವೇಶಕ್ಕೆ ಮುಂಚೆ ಬೀಳಬಾರದು, ಪ್ರೇಕ್ಷಕರ ಮೇಲೆ ಸರ್ವಥಾ ಬೀಳಬಾರದು, ಹಾರ್ಮೋನಿಯಮ್ಮಿನ ಮೇಲೆ ಬಿದ್ದರೆ ಶ್ರುತಿಯಲ್ಲಿ ಬೀಳಬೇಕು. ತಲೆಗಳನ್ನು ಕೀಳುವಾಗ ನಡುವಿನದನ್ನು ಬಿಡಬೇಕು, ಅದು ನನ್ನ ಸ್ವಂತದ್ದು. ಈ ಕೋರಿಕೆಗಳನ್ನು ಭವ್ಯಳ ಮುಂದೆ ಓದಿದಾಗ ಅವಳು ನಗಲಿಲ್ಲ. “ಬೇಕಂತ ಬೀಳಸಾಕ ನನ್ನ ಕೈ ಏಳಲ್ಲ ಮಾಮಾ. ಇಷ್ಟು ದಿನ ಇದು ಬಿದ್ದಿದ್ದೆಲ್ಲಾ ಯಾರಿಂದ, ಹೇಳ್ರಿ ನೋಡಾಣ?” ಎಂದು ಕೇಳಿ, ರಿಮೋಟನ್ನು ನನ್ನ ಅಂಗೈಯಲ್ಲಿಟ್ಟಳು. ಸೇವಂತಿಗೆ, ಲಂಕೆಯ ದಿಕ್ಕು, ಮೊಬೈಲು, ಆ ಕೂಗು, ಎಲ್ಲವೂ ಒಮ್ಮೆಗೇ ನನ್ನ ಮುಂದೆ ಬಂದು ಸಾಲಾಗಿ ನಿಂತು ಕೈಮುಗಿದವು.

ಹೀಗಾಗಿ ಭಾನುವಾರ ರಿಮೋಟು ರಾವಣನ ಪೀತಾಂಬರದ ಮಡಿಕೆಯೊಳಗಿರುತ್ತದೆ, ಪ್ರೇಕ್ಷಕರನ್ನು ಇಪ್ಪತ್ತು ಮಾರು ಹಿಂದಕ್ಕೆ ಕೂರಿಸಿ ಹಗ್ಗ ಕಟ್ಟಿರುತ್ತೇವೆ, ಮತ್ತು ನಾನು ತಮ್ಮನ್ನು ಹಾರಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತೇನೆ. ಅಷ್ಟು ಸಾಕೆಂದು ಇಡೀ ಸಂಘ ನಂಬಿದೆ.

ತಮ್ಮ ಪತನಾಭಿಲಾಷಿಯೂ, ಸದ್ಯಕ್ಕೆ ಹತ್ತು ತಲೆಯವನೂ ಆದ ತಮ್ಮ ವಿಶ್ವಾಸಿ,
ಮರಿಸ್ವಾಮಿ

ತಾ.ಕ.: ವೀರೇಶನು ತಮಗೆ ಪೈಪೋಟಿಯಾಗಿ ಒಂದು ಡ್ರೋನು ತರಿಸಿದ್ದಾನಂತೆ. ಕೈಬಿಟ್ಟರೂ ನಿಂತಲ್ಲೇ ನಿಲ್ಲುತ್ತದಂತೆ, ಬ್ಯಾಟರಿ ಇಳಿದರೆ ಯಾರೂ ಕರೆಯದೆಯೇ ಮನೆಗೆ ಮರಳುತ್ತದಂತೆ. ಪಾಪ, ಒಳ್ಳೆಯ ಮನೆತನದ್ದು. ನಾಟಕಕ್ಕೆ ಆಗಿಬರುವುದಿಲ್ಲ.