ಹನ್ನೊಂದನೆಯ ಮೊಲ

ದೇವರ ಮುಂದೆ ನಿಂತಾಗ ದೊಡ್ಡದನ್ನು ಕೇಳಬಾರದು ಎಂಬುದು ನಾನು ಬಹಳ ವರ್ಷಗಳಿಂದ ಪಾಲಿಸಿಕೊಂಡು ಬಂದಿರುವ ನೇಮ. ಆತನಿಗೂ ನೂರೆಂಟು ಕೆಲಸವಿರುತ್ತವೆ. ಕೊನೆಯ ರೊಟ್ಟಿ ಬೇಯುವ ತನಕ ಗ್ಯಾಸ್ ಮುಗಿಯದಿರಲಿ, ನೆಂಟರು ಬಂದ ದಿನವೇ ಹಾಲು ಒಡೆಯದಿರಲಿ, ನಮ್ಮ ರಾಯಚೂರಿನ ಮೇ ತಿಂಗಳಲ್ಲಿ ಮಧ್ಯಾಹ್ನ ಒಂದು ತಾಸಾದರೂ ಮೋಡ ಕವಿಯಲಿ, ಇಷ್ಟೇ ನನ್ನ ಬೇಡಿಕೆ. ಇಂಥವನ್ನು ಆತ ಬಹುಮಟ್ಟಿಗೆ ನಡೆಸಿಕೊಡುತ್ತಾನೆ. ನಾನೂ ಸಂಜೆ ದೀಪ ಹಚ್ಚುವಾಗ ಬೆರಳು ಮಡಚಿ ಎಣಿಸಿ, ‘ಇವತ್ತು ನಾಕು ಆದವಪಾ’ ಎಂದು ಒಪ್ಪಿಸಿಬಿಡುತ್ತೇನೆ. ಈ ವರ್ಷ ಮಾತ್ರ ನೇಮ ಮುರಿದು ಸ್ವಲ್ಪ ದೊಡ್ಡದನ್ನೇ ಕೇಳಿದೆ. ಮನೆಗೆ ಬಂದ ಸೊಸೆ ನನ್ನ ಹತ್ತಿರ ಒಂದಾದರೂ ನಿಜವಾದ ಮಾತು ಆಡಲಿ.

ಸುನಂದಾ ದೇವದುರ್ಗದ ಹುಡುಗಿ, ಇಲ್ಲಿಯೇ ಒಂದು ಶಾಲೆಯಲ್ಲಿ ಟೀಚರು. ಸುಳ್ಳಾಡುವವಳಲ್ಲ, ಪಾಪ. ವಿನಯ ಹೆಚ್ಚಾದವಳು. ಏನು ಕೇಳಿದರೂ ‘ಹೂಂ ರೀ ಅತ್ತಿ’, ಏನು ಬಡಿಸಿದರೂ ‘ಚಲೋ ಆಗ್ಯದ ರೀ ಅತ್ತಿ’. ಒಂದು ದಿನ ನಾನು ಮರೆತು ಬೇಳೆಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ನಮ್ಮ ಯಜಮಾನರು ಒಂದೇ ತುತ್ತಿಗೆ ತಟ್ಟೆ ಸರಿಸಿ, “ಏನಬೇ, ಸಮುದ್ರ ತಂದು ಒಲಿ ಮ್ಯಾಲೆ ಇಟ್ಟೀಯೇನು?” ಎಂದರು. ಸುನಂದಾ ಮಾತ್ರ ಬಟ್ಟಲು ಖಾಲಿ ಮಾಡಿ, “ಚಲೋ ಆಗ್ಯದ ರೀ ಅತ್ತಿ” ಎಂದಳು. ಅವತ್ತು ನನಗೆ ಭಯವಾಯಿತು. ಇಂಥ ಉಪ್ಪನ್ನು ನುಂಗಿಕೊಂಡವಳು ನಾಳೆ ಜ್ವರ ಬಂದರೆ ಹೇಳುತ್ತಾಳೆಯೇ? ನನ್ನ ಮಗನ ಮೇಲೆ ಸಿಟ್ಟು ಬಂದರೆ ಹೇಳುತ್ತಾಳೆಯೇ? ಮನೆ ತುಂಬ ಜನ ಇದ್ದೂ ಅವಳೊಬ್ಬಳೇ ಬಿಡಾರ ಹೂಡಿದಂತೆ ಇದ್ದಳು.

ತವರಿನಿಂದ ಬಂದ ಸಾಮಾನಿನಲ್ಲಿ ಒಂದು ಕರಿಯ ಡಬ್ಬಿ ಇತ್ತು. ನೋಡಲು ಬಂದ ಪಕ್ಕದ ಮನೆಯಾಕೆ, “ಕರೆಂಟಿನ ಒಲಿಯೇನ್ರಿ?” ಎಂದು ಕೇಳಿದ್ದಳು. ಒಲೆಯಲ್ಲ, ಟೀವಿಗೆ ಜೋಡಿಸಿ ಆಡುವ ಆಟದ ಯಂತ್ರ. ಅದರಲ್ಲೊಂದು ಮೊಲದ ಆಟ. ಬೆನ್ನಿಗೆ ಜೋಳಿಗೆ ಹಾಕಿಕೊಂಡ ಮೊಲವೊಂದು ತಗ್ಗು-ಕುಣಿ ಹಾರಿ, ಗೋಡೆ ಏರಿ, ಎದುರು ಬಂದ ಬಸವನಹುಳುಗಳನ್ನು ತುಳಿದು, ಹಣ್ಣು ಆರಿಸಿಕೊಂಡು ಹೋಗಬೇಕು. ದೇವದುರ್ಗದ ಬಿಸಿಲಿಗೆ ಹೊರಗೆ ಬಿಡದ ರಜೆಗಳಲ್ಲಿ, ಬಾಗಿಲು ಹಾಕಿಕೊಂಡು, ಸುನಂದಾ ಮತ್ತು ಅವಳ ತಂಗಿ ಗಿರಿಜಾ ಇದರ ಹತ್ತು ಭಾಗಗಳನ್ನೂ ಜೋಡಿಯಾಗಿ ಆಡಿ ಮುಗಿಸಿದ್ದರಂತೆ. ಈಗ ಹನ್ನೊಂದನೆಯದು ಬಂದಿದೆ. ಅಕ್ಕನಿಗಿಂತ ಮೊದಲೇ ಮದುವೆಯಾದ ಗಿರಿಜಾ ಮಾನ್ವಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ, ಮಡಿಲಲ್ಲಿ ಆರು ತಿಂಗಳ ಕೂಸು. ಒಂದು ಸಂಜೆ ಅಕ್ಕತಂಗಿಯರು ಫೋನಿನ ಸ್ಪೀಕರ್ ಹಚ್ಚಿಕೊಂಡು ಮಾತಾಡುವುದು ಅಡುಗೆಮನೆಗೆ ಕೇಳುತ್ತಿತ್ತು.

“ಹೆಂಗದಬೇ ಹೊಸಾದು?” ಎಂದು ಗಿರಿಜಾ ಕೇಳಿದಳು.

“ಏನದಬೇ ಅದರಾಗ ಹೊಸಾದು! ಅದೇ ಕುಣಿ, ಅದೇ ಗ್ವಾಡಿ, ಅದೇ ಮೊಲ. ಬಣ್ಣ ಹಚ್ಯಾರ ಅಷ್ಟ. ಒಬ್ಬಾಕಿನ ಕುಂತು ಆಡಿದ್ರ ನಿದ್ದಿ ಬರ್ತದ.”

ಎಷ್ಟು ಚಂದದ ನಿಷ್ಠುರದ ಮಾತು! ಇದರಲ್ಲಿ ಕಾಲುಭಾಗ ನನ್ನ ಸಾರಿನ ಬಗ್ಗೆ ಆಡಿದ್ದರೆ ಸಾಕಿತ್ತಲ್ಲ ಎನಿಸಿತು. ಜೊತೆಗೆ ಆ ಪ್ರಶ್ನೆಯೂ ತಲೆಯಲ್ಲಿ ಕೂತಿತು. ಅದೇ ಅದೇ ಆದದ್ದು ಹಳತಾಗಿಯೇ ಬಿಡುತ್ತದೆಯೇ? ಮೂವತ್ತು ವರ್ಷದಿಂದ ನಾನು ಅದೇ ಲಿಂಗಕ್ಕೆ ಅದೇ ನೀರು, ಅದೇ ಪತ್ರಿ ಏರಿಸುತ್ತೇನೆ. ಎಷ್ಟೋ ದಿನ ಕೈ ಇಲ್ಲಿ, ಮನಸ್ಸು ಒಲೆಯ ಮೇಲಿನ ಹಾಲಿನಲ್ಲಿ. ಆದರೂ ನಡುವೆ ಒಂದು ದಿನ ಹಣೆಗೆ ಹಚ್ಚಿದ ವಿಭೂತಿ ಇದೇ ಮೊದಲ ಸಲ ಹಚ್ಚಿದಂತೆ ತಣ್ಣಗೆ ತಾಗುತ್ತದೆ. ಯಾಕೆ ಆ ದಿನವೇ ಹಾಗೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಮೊಲಕ್ಕೂ ಅಂಥದೊಂದು ದಿನ ಬರಬಾರದೇಕೆ?

ಮರುದಿನ ಸಂಜೆ ದೀಪ ಹಚ್ಚಿದವಳೇ ಹೋಗಿ ಟೀವಿಯ ಮುಂದೆ ಕೂತೆ. “ನನಗೂ ಒಂದು ಮೊಲ ಕೊಡವಾ” ಎಂದೆ. ಸುನಂದಾ ಕಣ್ಣರಳಿಸಿ, “ಹೂಂ ರೀ ಅತ್ತಿ” ಎಂದು ಹೆಬ್ಬೆರಳಿನಿಂದ ಒತ್ತುವ ಗುಂಡಿಗಳಿದ್ದ ಹಿಡಿಯನ್ನು ಎರಡೂ ಕೈಯಿಂದ, ಪ್ರಸಾದ ಕೊಡುವಂತೆ ಕೊಟ್ಟಳು.

ತೊಡಕು ಬಂದದ್ದು ಮೊದಲ ಬಸವನಹುಳುವಿನ ಹತ್ತಿರವೇ. ಶ್ರಾವಣ ಮಾಸ, ಮೇಲಾಗಿ ಸೋಮವಾರ. ತನ್ನ ಪಾಡಿಗೆ ಮನೆ ಹೊತ್ತುಕೊಂಡು ಹೊರಟ ಜೀವವನ್ನು ನಾನೇಕೆ ತುಳಿಯಲಿ? ಪಕ್ಕಕ್ಕೆ ಸರಿಯಲು ದಾರಿಯಿಲ್ಲ, ಮೇಲಿಂದ ಹಾರಲು ಹೋಗಿ ಕುಣಿಗೆ ಬಿದ್ದೆ. ಐದು ಸಲ ಬಿದ್ದೆ. “ಅವನ್ನ ತುಳಿದ್ರ ಮ್ಯಾಲೆ ಪುಟೀತೀವಿ ರೀ ಅತ್ತಿ, ಗ್ವಾಡಿ ಏರಾಕ ಅದ ದಾರಿ” ಎಂದು ಸುನಂದಾ ಮೆಲ್ಲಗೆ ತಿಳಿಸಿದಳು. “ಆಗೂದಿಲ್ಲವಾ” ಎಂದೆ. ಆಮೇಲೆ ಅವಳೇ ಯೋಚಿಸಿ, “ಇನ್ನೊಂದು ದಾರಿ ಅದ ರೀ. ಒಂದು ಮೊಲದ ತಲಿ ಮ್ಯಾಲೆ ಇನ್ನೊಂದು ನಿಂತು ಏರಬಹುದು. ಎಂದೂ ಹಂಗ ಆಡಿಲ್ಲ ನಾವು” ಎಂದಳು. ಸರಿ, ನಾನು ಗೋಡೆಯ ಬುಡಕ್ಕೆ ಹೋಗಿ ನಿಂತು, “ಏರು” ಎಂದೆ.

ಅವಳ ಮೊಲ ಅಲ್ಲಾಡಲಿಲ್ಲ.

“ಯಾಕವಾ?”

“ನಿಮ್ಮ ತಲಿ ಮ್ಯಾಲೆ ಹೆಂಗ ಕಾಲು ಇಡ್ಲಿ ರೀ ಅತ್ತಿ?”

ನಾನು ಹುಳುವನ್ನು ತುಳಿಯಲೊಲ್ಲೆ, ಅವಳು ನನ್ನನ್ನು ತುಳಿಯಲೊಲ್ಲಳು. ಎರಡು ಮೊಲಗಳು ಗೋಡೆಯ ಬುಡದಲ್ಲಿ ಬೀಗರ ಮನೆಯ ಪಂಕ್ತಿಯಲ್ಲಿ ಕೂತವರಂತೆ ‘ನೀವು ಮೊದಲು, ನೀವು ಮೊದಲು’ ಎಂದು ನಿಂತುಬಿಟ್ಟವು. ಯಜಮಾನರು ಪತ್ರಿಕೆಯ ಹಿಂದಿನಿಂದ, “ಆಟ ಮುಗೀತೇನು? ಸುದ್ದಿ ಹಚ್ಚರಿ” ಎಂದರು. “ತುಳಿಯವಾ, ನಾನ ಹೇಳಾಕತ್ತೀನಿ” ಎಂದು ನಾನು ಗದರಿದೆ. ಆಗ ಹುಡುಗಿ ಹಿಡಿಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಬಗ್ಗಿ ನನ್ನ ನಿಜವಾದ ಕಾಲುಗಳನ್ನು ಮುಟ್ಟಿ ನಮಸ್ಕರಿಸಿದಳು. ಆಮೇಲೆ ಟೀವಿಯಲ್ಲಿ ನನ್ನ ತಲೆಯ ಮೇಲೆ ಹಾರಿ ನಿಂತಳು. ನನಗೆ ನಗು, ಅಳು ಎರಡೂ ಬಂದವು.

ಎರಡನೆಯ ಗೋಡೆಗೂ ನಮಸ್ಕಾರವಾಯಿತು. ಮೂರನೆಯದಕ್ಕೆ ಬರೀ ಕೈ ಹಣೆಗೆ ಹೋಯಿತು. ಐದನೆಯ ಗೋಡೆಯ ಹತ್ತಿರ ನಾನು ಯಾವುದೋ ಹಣ್ಣು ನೋಡುತ್ತ ನಿಂತಿದ್ದಾಗ ಸುನಂದಾ ಬಾಯಿಬಿಟ್ಟಳು.

“ಅತ್ತಿ! ಎಲ್ಲಿ ನಿಂತೀರಿ? ಬರ್ರಿ ಈ ಕಡಿ! ನಿಮ್ಮ ಸಲುವಾಗಿ ನಂದೂ ಜೀವ ಹೋಗಾಕತ್ತದ!”

“ಬಂದೆ ತಡಿಯವಾ…”

“ಬಂದೆ ಬಂದೆ ಅಂತೀರಿ, ಅಲ್ಲೇ ಇರ್ತೀರಿ! ಅವತ್ತ ಸಾರಿಗೂ ಹಿಂಗ, ಧ್ಯಾನ ಎಲ್ಲೋ ಇಟ್ಟು ಉಪ್ಪು ಸುರುವಿದ್ರಿ. ಎರಡು ದಿನ ನೀರು ಕುಡದು ಕುಡದು ಸಾಕಾತು ನನಗ!”

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಮುಖ ಬಿಳಿಚಿಕೊಂಡಿತು. ಯಜಮಾನರ ಪತ್ರಿಕೆ ಕೆಳಗಿಳಿಯಿತು. ನಾನು ಅವಳ ಗಲ್ಲ ಹಿಡಿದು, “ಮೂರು ತಿಂಗಳಾತು ನೋಡವಾ ಈ ಮಾತಿಗೆ ಕಾದು” ಎಂದೆ. ಒಂದು ಕ್ಷಣ ನನ್ನನ್ನೇ ನೋಡಿದಳು. ಕಣ್ಣು ತುಂಬಿದವು. ಮೂಗು ಒರೆಸಿಕೊಂಡು ಹೇಳಿದಳು: “ಪಲ್ಯಕ್ಕ ಪುಂಡಿ ಸೊಪ್ಪು ದಿನಾ ಬ್ಯಾಡ ರೀ ಅತ್ತಿ. ಹುಳಿಗೆ ಹಲ್ಲು ಚುಳ್ ಅಂತಾವು.”

ಆ ವಾರ ಗಿರಿಜಾಳ ಫೋನು ಬಂದಾಗ ನನ್ನ ಎದುರಿಗೇ ಹೇಳಿದಳು: “ಹನ್ನೊಂದನೇದು ಚಲೋ ಅದಬೇ. ಆಟ ಅದೇ. ಆದ್ರ ಹುಳ ತುಳೀದಂಗ, ಅತ್ತಿ ತಲಿ ಮ್ಯಾಲೆ ನಿಂತು ಆಡಬೇಕು.” ಮಾನ್ವಿಯಿಂದ ಗಿರಿಜಾ ದನಿ ತಗ್ಗಿಸಿ, “ನಮ್ಮ ಅತ್ತಿನ್ನ ಕೇಳ್ಲೇನು?” ಎಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಒಳ್ಳೆಯ ಹೆಸರಿರುತ್ತಿತ್ತು. ಆದರೆ ನಿನ್ನೆ ಮಧ್ಯಾಹ್ನ, ಅವಳು ಶಾಲೆಗೆ ಹೋಗಿದ್ದಾಗ, ಒಬ್ಬಳೇ ಕೂತು ನೋಡೋಣವೆಂದು ಹಚ್ಚಿದೆ. ಬೇಕೆಂದು ಮಾಡಲಿಲ್ಲ, ಒಂದು ಹುಳುವಿನ ಮೇಲೆ ಕಾಲು ಬಿತ್ತು. ಮೊಲ ಆಕಾಶಕ್ಕೆ ಚಿಮ್ಮಿತು! ಆಹಾ, ಅದೇನು ಸುಖ! ಸಂಜೆ ಸುನಂದಾ ಬಂದು ಯಂತ್ರ ಹಚ್ಚಿದರೆ ಆ ಚಾಡಿಕೋರ ಯಂತ್ರ ಯಾರು ಎಷ್ಟು ತುಳಿದರೆಂದು ಪಟ್ಟಿಯನ್ನೇ ತೋರಿಸಿತು.

“ಅತ್ತಿ, ಮೂವತ್ತೊಂದು!”

“ನಿಮ್ಮ ಮಾವ ಆಡ್ಯಾರ” ಎಂದುಬಿಟ್ಟೆ. ಟೀವಿಯ ರಿಮೋಟನ್ನೇ ತಲೆಕೆಳಗಾಗಿ ಹಿಡಿಯುವ ಯಜಮಾನರು, “ನಾನ?” ಎಂದು ಕನ್ನಡಕ ತೆಗೆದರು. ಸುನಂದಾ ಸೊಂಟದ ಮೇಲೆ ಕೈಯಿಟ್ಟು, “ಸುಳ್ಳು ಬ್ಯಾರೆ! ಏಳ್ರಿ, ಹೋಗಿ ದೇವರಿಗೆ ತಪ್ಪಾತಂತ ಹೇಳ್ರಿ” ಎಂದು ನನ್ನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿದಳು. ಕಣ್ಣು ಮುಚ್ಚಿ, ಕೈ ಮುಗಿದು, ಮೂವತ್ತೊಂದು ಜೀವಕ್ಕೂ ಮನಸಾರೆ ಕ್ಷಮೆ ಕೇಳತೊಡಗಿದೆ. ಅರ್ಧ ದಾರಿಯಲ್ಲಿದ್ದಾಗ ಪಕ್ಕದಿಂದ ಸೊಸೆಯ ದನಿ ಬಂತು:

“ಅತ್ತಿ, ಹೆಬ್ಬೆರಳು ಸುಮ್ಮನಿಡ್ರಿ. ಅಲ್ಲೂ ತುಳ್ಯಾಕತ್ತೀರಿ!”